ಪಕ್ಕದ ಹೊಲಿಗೆ ಬಿಚ್ಚಿದ ಜಾಕೆಟ್

ಜಾಕೆಟ್ ಯಾರಿಗೆ ಎಂದು ಶಹಾಪುರದ ಬಜಾರಿನ ಟೇಲರ್ ಕೇಳಿದಾಗ ನನಗೇ ಎಂದೆ. ಅವನು ಒಮ್ಮೆ ನನ್ನ ಸೀರೆಯ ಕಡೆ ನೋಡಿದ, ಒಮ್ಮೆ ನಾನು ಕೌಂಟರಿನ ಮೇಲೆ ಹರವಿದ್ದ ನೀಲಿ ಜೀನ್ಸ್ ಜಾಕೆಟಿನ ಕಡೆ ನೋಡಿದ. ನಗಲಿಲ್ಲ, ಅದು ಅವನ ಒಳ್ಳೆಯತನ. ತನ್ನ ಕಂಪ್ಯೂಟರ್ ಕಸೂತಿ ಮೆಷಿನ್ನಿನಲ್ಲಿ ನವಿಲು ಇದೆ, ಕಮಲ ಇದೆ, ಮದುಮಗ ಮದುಮಗಳ ಹೆಸರು ಬೇಕಾದರೂ ಬರುತ್ತದೆ, ಆದರೆ ಅದರ ಬೆನ್ನಿಗೆ ನಾನು ಕೇಳಿದ, ಆಕಾಶದಲ್ಲಿ ತೇಲುವ ಮನುಷ್ಯ ಮಾತ್ರ ಇಲ್ಲ ಎಂದು ಹೇಳಿ, ಹಿಂದಿನ ಓಣಿಯಲ್ಲಿ ಕೈಯಿಂದ ಆರಿ ವರ್ಕ್ ಮಾಡುವ ಒಬ್ಬ ಹೆಂಗಸಿನ ಮನೆ ತೋರಿಸಿಕೊಟ್ಟ.

ಆ ತೇಲುವ ಮನುಷ್ಯನ ಪರಿಚಯ ನನಗೆ ಆದದ್ದು ಯಾದಗಿರಿಯಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು, ನಾನು ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಶನಿವಾರ ಮಧ್ಯಾಹ್ನ ಹೊಲಿಗೆ ಪಾಠ. ಪಾಠ ಹೇಳುವ ಸಿಸ್ಟರ್ ಕಿಟಕಿಯ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ದೇವರ ಹಾಡು ಹಚ್ಚುತ್ತಿದ್ದರು. ನಾವು ಕರವಸ್ತ್ರದ ಮೂಲೆಗೆ ಹೂ ಹಾಕುತ್ತಿದ್ದೆವು. ಆ ಕ್ಯಾಸೆಟನ್ನು ಅವರ ತಮ್ಮ ತುಂಬಿಸಿ ಕಳಿಸಿದ್ದನಂತೆ. ಕೊನೆಗೆ ಸ್ವಲ್ಪ ಜಾಗ ಉಳಿದಿತ್ತೆಂದು ತನಗೆ ಇಷ್ಟವಾದ ಒಂದು ಹಳೆಯ ಇಂಗ್ಲಿಷ್ ರಾಕ್ ಹಾಡನ್ನೂ ಅದರಲ್ಲಿ ಸೇರಿಸಿಬಿಟ್ಟಿದ್ದ. ದೇವರ ಹಾಡುಗಳು ಮುಗಿದು, ಸ್ವಲ್ಪ ಹೊತ್ತು ಬರೀ ಸರ್ರೆನ್ನುವ ಸದ್ದಾಗಿ, ಆಮೇಲೆ ಗಿಟಾರ್ ಶುರುವಾಗುತ್ತಿತ್ತು. ಒಬ್ಬ ಮನುಷ್ಯ ಆಕಾಶನೌಕೆಯಲ್ಲಿ ಕೂತು ಭೂಮಿಯಿಂದ ದೂರ ಹೋಗುವ ಹಾಡು. ಸಿಸ್ಟರ್ ಅದನ್ನು ಕೂಡಲೇ ನಿಲ್ಲಿಸುತ್ತಿರಲಿಲ್ಲ. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಹೋದ ಮೇಲೂ ಪೋಣಿಸುತ್ತಲೇ ಇರುತ್ತಿದ್ದರು. ಅರ್ಧ ಹಾಡಾದ ಮೇಲೆ ಏನೋ ನೆನಪಾದವರಂತೆ ಎದ್ದು ಬಟನ್ ಒತ್ತುತ್ತಿದ್ದರು.

ಹಾಗಾಗಿ ಹಾಡಿನ ಆ ಮನುಷ್ಯನಿಗೆ ಮುಂದೆ ಏನಾಯಿತೆಂದು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಮೊಬೈಲಿನಲ್ಲಿ ಆ ಹಾಡು ಹುಡುಕಿದಾಗ. ಏನೂ ಆಗುವುದಿಲ್ಲ. ಅವನು ಅಲ್ಲೇ ಉಳಿಯುತ್ತಾನೆ. ಹುಡುಕಿದ್ದಕ್ಕೋ ಏನೋ, ಮರುದಿನದಿಂದ ಮೊಬೈಲು ತಾನಾಗಿಯೇ ಆ ಹಾಡಿನ ಚಿತ್ರ ಬರೆದ ಟೀ ಷರ್ಟು, ಚೀಲ, ಜಾಕೆಟ್ಟುಗಳನ್ನು ತೋರಿಸತೊಡಗಿತು. ಒಂದು ಜಾಕೆಟಿನ ಬೆನ್ನ ಮೇಲೆ ದೊಡ್ಡ ಶಿರಸ್ತ್ರಾಣ ತೊಟ್ಟ ಮನುಷ್ಯ, ಸುತ್ತಲೂ ಚುಕ್ಕಿ. ಆ ಚಿತ್ರವನ್ನು ನಾನು ಎಷ್ಟು ಸಲ ತೆಗೆದು ನೋಡಿದೆನೋ.

ಮನೆಯಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ನನ್ನವರಿಗೆ ಸುರಪುರದ ಒಂದು ಕಚೇರಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಡಬ್ಬಿ ಕೈಗೆ ಕೊಟ್ಟು ‘ಚಮಚ ಒಳಗ ಅದ’ ಎಂದು ಹೇಳಿದ ಮೇಲೆ ನನ್ನ ದನಿಗೆ ಸಂಜೆಯವರೆಗೆ ಕೆಲಸವಿರುವುದಿಲ್ಲ. ಕಾಯಿಪಲ್ಯದ ಗಾಡಿಯವಳು ಕೂಗಿದಾಗ ನಾನು ಆಡುವ ಮೊದಲ ಮಾತು ಗಂಟಲಲ್ಲಿ ಸಿಕ್ಕಿ ಒಡೆದು ಬರುತ್ತದೆ. ಜಾಕೆಟ್ ವಿಷಯ ಹೇಳಿದಾಗ ನನ್ನವರು, “ಶಾಪುರದ ಬಿಸಲಾಗ ಜಾಕೆಟ್ ಹಾಕ್ಕೊಂಡು ಎಲ್ಲಿಗೆ ಹೊಂಟಿ, ಕಾಶ್ಮೀರಕ್ಕೇನು?” ಎಂದರು. ಕೆಟ್ಟದಾಗಿ ಅನ್ನಲಿಲ್ಲ. ನಕ್ಕರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಮೊಬೈಲು ನೋಡತೊಡಗಿದರು.

ಆರಿ ಕೆಲಸದವಳು ನನಗಿಂತ ಸ್ವಲ್ಪ ದೊಡ್ಡವಳು. ನಾನು ಆಪಾ ಎಂದೆ, ಅವಳು ಅಕ್ಕಾರ ಎಂದಳು. ಪಡಸಾಲೆಯ ತುಂಬ ಒಂದು ಕಟ್ಟಿಗೆಯ ಚೌಕಟ್ಟು. ಅದಕ್ಕೆ ಬಟ್ಟೆ ಬಿಗಿದು ಕೊಕ್ಕೆಯಂಥ ಸೂಜಿಯಿಂದ ಜರಿ, ಮಣಿ ಹಾಕುತ್ತಾಳೆ. ಸುತ್ತಲಿನ ಊರುಗಳ ಮದುವೆ ಬ್ಲೌಸುಗಳೆಲ್ಲ ಅವಳ ಹತ್ತಿರ ಬರುತ್ತವೆ. ಮನುಷ್ಯನ ಚಿತ್ರ ಎಂದ ಕೂಡಲೇ ಕೈ ಅಡ್ಡ ಆಡಿಸಿದಳು. ಜೀವ ಇರುವುದರ ಚಿತ್ರ ಅವರ ಧರ್ಮದಲ್ಲಿ ಸಲ್ಲದಂತೆ; ಕಣ್ಣು ಮೂಗು ಇರುವ ಯಾವುದನ್ನೂ ಅವಳು ಹಾಕುವುದಿಲ್ಲ, ಗಿಣಿಯನ್ನು ಕೂಡ. ನಾನು ಮೊಬೈಲು ತೋರಿಸಿದೆ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಶಿರಸ್ತ್ರಾಣದ ಕಪ್ಪು ಗಾಜನ್ನು ಬಹಳ ಹೊತ್ತು ನೋಡಿದಳು.

“ಇವಗ ಮುಖಾನೇ ಇಲ್ಲಲ್ರಿ ಅಕ್ಕಾರ. ಹಂಗಾರ ಹಾಕ್ತೀನಿ ಬಿಡ್ರಿ.”

ಮುಖವಿರಬೇಕಾದ ಜಾಗಕ್ಕೆ ಲಂಬಾಣಿಗರ ಲಂಗದಲ್ಲಿರುವಂಥ ಒಂದು ದುಂಡು ಕನ್ನಡಿ ಕೂಡಿಸುವುದೆಂದು ಅವಳೇ ಹೇಳಿದಳು.

ಜೀನ್ಸ್ ಬಟ್ಟೆ ದಪ್ಪ. ಬೆನ್ನಿನ ಭಾಗ ಚಪ್ಪಟೆಯಾಗಿ ಚೌಕಟ್ಟಿನ ಮೇಲೆ ಕೂರಬೇಕಾದರೆ ಜಾಕೆಟಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ಅದು ಚರ್ಮ ಸುಲಿದಿಟ್ಟಂತೆ ಕಾಣುತ್ತಿತ್ತು. ದಪ್ಪ ಬಟ್ಟೆ ಜಾರುತ್ತದೆಂದು, ಆಚೆ ಬದಿ ಕೂತು ಅಂಚು ಹಿಡಿಯಲು ಒಂದು ಕೈ ಬೇಕಿತ್ತು. ಮೊದಲ ದಿನ ನಾನು ಹಿಡಿದೆ. ಮರುದಿನವೂ ಊಟ ಮುಗಿಸಿ ಹೋದೆ.

ಹಾಗೆ ಶುರುವಾಯಿತು. ಈ ಮನುಷ್ಯ ಯಾರು ಎಂದು ಆಪಾ ಕೇಳಿದಳು, ಒಂದು ಹಾಡಿನವನು ಎಂದು ನಾನು ಮೊಬೈಲಿನಲ್ಲಿ ಆ ಹಾಡು ಹಚ್ಚಿದೆ. ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಕೊನೆಯತನಕ ಕೇಳಿದಳು.

“ಅಳಾಕತ್ತಾನೇನ್ರಿ ಇವ?”

“ಇಲ್ಲ ಆಪಾ, ಹಾಡಾಕತ್ತಾನ.”

“ಎರಡೂ ಒಂದೇ ಅನ್ನಸ್ತದ ನೋಡ್ರಿ. ಕೆಳಗಿನವರು ಇವನ್ನ ವಾಪಸ್ ಕರಕೊಂಡು ಬರಂಗಿಲ್ಲೇನು?”

ಅದನ್ನು ಹಾಡು ಹೇಳುವುದಿಲ್ಲ ಎಂದೆ. ಹಾಗಾದರೆ ಇದೆಂಥ ಹಾಡು ಎನ್ನುವಂತೆ ತಲೆ ಆಡಿಸಿ ಮತ್ತೆ ಸೂಜಿ ತೆಗೆದುಕೊಂಡಳು. ಉಳಿದಂತೆ ನಾವು ಆಡಿದ್ದೆಲ್ಲ ಸಣ್ಣ ಸಂಗತಿಗಳೇ: ಅವಳ ಅತ್ತೆಗೆ ಉಪ್ಪು ಕಡಿಮೆ ಮಾಡಿದ್ದು, ನನ್ನ ಮನೆಯ ನಲ್ಲಿಯಲ್ಲಿ ನೀರು ಬರುವ ಹೊತ್ತು ಬದಲಾದದ್ದು, ಮಂಡಿ ನೋವಿಗೆ ಯಾವ ಎಣ್ಣೆ. ಚುಕ್ಕಿಗಳನ್ನು ನಾನು ಹಾಕುತ್ತೇನೆಂದೆ. ಸೂಜಿಗೆ ದಾರ ಸುತ್ತಿ ಗಂಟು ಕೂಡಿಸುವ ಹೊಲಿಗೆ ಸಿಸ್ಟರ್ ಕಲಿಸಿದ್ದು. ಒಬ್ಬರಿಗೊಬ್ಬರು ಎದುರಾಗಿ ಕೂತು, ನಡುವೆ ಆ ಬೆನ್ನು, ಅವಳದು ಜರಿ, ನನ್ನದು ಬಿಳಿ ದಾರ. ಕರೆಂಟ್ ಹೋದಾಗ ಇಬ್ಬರೂ ಬೆಳಕಿಗೆಂದು ಬಾಗಿಲ ಕಡೆ ಸರಿಯುತ್ತಿದ್ದೆವು.

ಮನುಷ್ಯ ಮುಗಿದ. ಕನ್ನಡಿ ಕೂತಿತು. ಪಕ್ಕದ ಹೊಲಿಗೆ ಹಾಕಿಬಿಡಲೇ ಎಂದು ಒಂದು ದಿನ ಆಪಾ ಕೇಳಿದಳು. ಹೊಲಿಗೆ ಬಿದ್ದರೆ ಅದು ಜಾಕೆಟ್. ಜಾಕೆಟ್ ಆದರೆ ತೆಗೆದುಕೊಂಡು ಮನೆಗೆ ಹೋಗಬೇಕು. ಆಮೇಲೆ ಈ ಮನೆಗೆ ಬರಲು ನನಗೆ ಏನು ಕಾರಣ? ಬಳೆ ಸುತ್ತಿದಂತಿರುವ ಒಂದು ಗ್ರಹ ಬೇಕಾಗಿತ್ತು ಎಂದೆ. ಅದಕ್ಕೆ ಮನೆಯಿಂದ ಹಳೆಯ ಸೀರೆಯ ಜರಿಯಂಚು ತಂದುಕೊಟ್ಟೆ. ಗ್ರಹವಾದ ಮೇಲೆ ಬಾಲದ ಚುಕ್ಕಿ. ಅದಾದ ಮೇಲೆ ಕೆಳಗೆ ಮೂಲೆಯಲ್ಲಿ ಭೂಮಿ. ಭೂಮಿಗೆ ಬೇರೆ ನೀಲಿ ಬೇಕೆಂದು ಯಾದಗಿರಿಗೆ ಹೋಗಿ ದಾರ ತಂದೆ. ಕಾಲರಿಗೆ ಚುಕ್ಕಿ. ಮೊಬೈಲಿನ ಚಿತ್ರದಲ್ಲಿ ಇವು ಯಾವುವೂ ಇರಲಿಲ್ಲ.

ಅಷ್ಟರಲ್ಲಿ ಮದುವೆಯ ಸುಗ್ಗಿ ಬಂತು. ಹತ್ತಿರದ ಹಳ್ಳಿ ಗೋಗಿಯ ಒಂದು ಮನೆಯವರ ಬ್ಲೌಸುಗಳು ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಗೆ ಆನಿಸಿ ಕೂತಿದ್ದವು. ಆ ದಿನ ನಾನು ತೋಳಿನ ಕೆಳಗೆ ಖಾಲಿಯಿದ್ದ ಜಾಗ ತೋರಿಸಿ, ಇಲ್ಲೊಂದು ಸಣ್ಣ ಚಂದ್ರ ಎಂದೆ.

ಆಪಾ ಸೂಜಿ ಕೆಳಗಿಟ್ಟಳು. “ಕಂಕಳದಾಗಿನ ಚಂದ್ರನ್ನ ಯಾರು ನೋಡ್ತಾರ್ರಿ ಅಕ್ಕಾರ?”

ನಗೆಯಾಡುವ ದನಿಯೇ. ನಾನು ಬಟ್ಟೆಯ ಅಂಚನ್ನು ಬೆರಳಿನಿಂದ ತೀಡುತ್ತ ಕೂತೆ.

“ನೀವು ಜಾಕೆಟ್ ಸಲುವಾಗಿ ಬರಾಕತ್ತಿಲ್ಲ, ನನಗ ತಿಳೀತದ,” ಎಂದಳು. “ನೀವು ಬಂದ್ರ ನನಗೂ ಛಲೋ ಅನ್ನಸ್ತದ. ಖರೇ ಹೇಳ್ತೀನಿ. ಆದ್ರ ಈ ಚೌಕಟ್ಟು ಒಂದೇ ಅದ ನೋಡ್ರಿ. ನಿಮ್ಮ ಆಕಾಶ ಇಳಿಸಿದ್ರನ ಮಂದಿ ಬ್ಲೌಸ್ ಏರ್ತಾವ.”

ನಾನು ಹೊಲಿದುಬಿಡಿ ಎಂದೆ. ಅವಳು ಕೂಡಲೇ ಚೌಕಟ್ಟಿನಿಂದ ಬಟ್ಟೆ ಬಿಡಿಸಿ ಮೂಲೆಯ ಹೊಲಿಗೆ ಮೆಷಿನ್ನಿಗೆ ಕೊಟ್ಟಳು. ಎರಡು ಪಕ್ಕದ ಹೊಲಿಗೆಗೆ ಎಷ್ಟು ಹೊತ್ತು ಬೇಕು? ಚಹಾ ಕುದಿಯುವಷ್ಟು. ನನಗೆ ತೊಡಿಸಿ, ಹಿಂದೆ ನಿಂತು ಭುಜದ ಮೇಲೆ ಕೈಯಾಡಿಸಿ ಸುಕ್ಕು ತೆಗೆದಳು. ಇನ್ನು ಜಾಕೆಟ್ ಇಲ್ಲದೆಯೂ ಬರ್ರಿ ಎಂದಳು. ಅಂಗಡಿಯವರು ಮತ್ತೆ ಬರ್ರಿ ಎನ್ನುವುದಕ್ಕೂ ಅದಕ್ಕೂ ವ್ಯತ್ಯಾಸವಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಜಾಕೆಟ್ ಹಾಕಿಕೊಂಡು ಹೊರಗೆ ಹೋದದ್ದು ಒಂದೇ ಸಲ, ಚಳಿಯ ಬೆಳಗಿನ ಯಾದಗಿರಿ ಬಸ್ಸಿನಲ್ಲಿ. ಸೀಟು ಸಿಗದೆ ಕಂಬ ಹಿಡಿದು ನಿಂತಿದ್ದೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ನನ್ನ ಬೆನ್ನಿನ ಕನ್ನಡಿಗೆ ಬಗ್ಗಿ ಹುಬ್ಬಿನ ಮೇಲಿನ ಕೂದಲು ಸರಿಮಾಡಿಕೊಳ್ಳುತ್ತಿದ್ದುದು ಕಿಟಕಿಯ ಗಾಜಿನಲ್ಲಿ ಕಂಡಿತು. ಅವಳ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಅಲುಗಾಡಿದರೆ ಅವಳಿಗೆ ತೊಂದರೆಯಾದೀತೆಂದು ನಾನು ಗಟ್ಟಿಯಾಗಿ ನಿಂತುಕೊಂಡೆ. ಇಳಿಯುವಾಗ ನನ್ನ ಮುಖ ನೋಡದೆ ಇಳಿದು ಹೋದಳು.

ಆಪಾಳ ಮನೆಗೆ ಹೋಗುವುದನ್ನು ದಿನ ದಿನ ಮುಂದೂಡಿದೆ. ಒಂದು ಹೊಸ ಬ್ಲೌಸ್ ಪೀಸ್ ತೆಗೆದುಕೊಂಡು ಹೋಗೋಣ ಎಂದು ಕಪಾಟಿನಿಂದ ತೆಗೆದೆ, ಮತ್ತೆ ಒಳಗಿಟ್ಟೆ. ಒಂದು ಮಧ್ಯಾಹ್ನ ಬರಿಗೈಯಲ್ಲೇ ಹೊರಟೆ. ಅವಳ ಹೊಸ್ತಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಗೋಗಿಯ ಹೆಂಗಸರು ಚೌಕಟ್ಟಿನ ಸುತ್ತ ಕೂತಿದ್ದರು. ನಾನು ಕೂರುತ್ತಿದ್ದ ಬದಿಯಲ್ಲಿ ಮದುಮಗಳ ಚಿಕ್ಕಮ್ಮನೋ ಯಾರೋ, ಕೆಂಪು ಬಟ್ಟೆಯ ಅಂಚು ಹಿಡಿದಿದ್ದಳು.

ಆಪಾ ತಲೆಯೆತ್ತಿದಳು. ರೂಢಿಯಂತೆ, “ಏನರ ಹೊಲಿಸೋದು ಇತ್ತೇನ್ರಿ ಅಕ್ಕಾರ?” ಎಂದಳು.

“ಇಲ್ಲ ಆಪಾ. ಸುಮ್ಮನ ಬಂದೀನಿ.”

ಯಾರ ಬಾಗಿಲಲ್ಲೂ ನಾನು ಹಾಗೆ ಹೇಳಿದ ನೆನಪಿಲ್ಲ. ಗೋಗಿಯ ಹೆಂಗಸರು ನನ್ನ ಖಾಲಿ ಕೈ ನೋಡಿದರು. “ಬರ್ರಿ, ಕೂಡ್ರಿ,” ಎಂದು ಆಪಾ ಮತ್ತೆ ಸೂಜಿಗೆ ಬಗ್ಗಿದಳು. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತೆ. ಅವರು ಕೊರಳು ಎಷ್ಟು ಇಳಿಯಬೇಕು, ತೋಳಿಗೆ ಮಣಿ ಬೇಕೋ ಬೇಡವೋ ಎಂದು ಮಾತಾಡುತ್ತಿದ್ದರು. ಕೈಗಳನ್ನು ಮಡಿಲಲ್ಲಿಟ್ಟೆ, ಮೊಣಕಾಲ ಮೇಲಿಟ್ಟೆ, ಸೆರಗಿನೊಳಗೆ ಎಳೆದುಕೊಂಡೆ. ಚಹಾ ಬಂತು. ತಟ್ಟೆಯಲ್ಲಿ ನನಗೂ ಒಂದು ಕಪ್ ಇತ್ತು. ನಿಧಾನವಾಗಿ ಕುಡಿದೆ. ಕುಡಿದು ಮುಗಿದ ಮೇಲೂ ಏಳಲಿಲ್ಲ.