ಚಳಿಗಾಲದ ಹೆಪ್ಪು

ದೆಹಲಿಯ ಜನವರಿಯಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ. ಓಲ್ಡ್ ರಾಜಿಂದರ್ ನಗರದಲ್ಲಿ ಹೋಟೆಲು ನಡೆಸುವ ಕುಂದಾಪುರದ ರಮಾನಾಥರು ಪಾತ್ರೆಗೆ ಕಂಬಳಿ ಹೊದಿಸಿ ನೋಡಿದ್ದರು, ಪಕ್ಕದಲ್ಲಿ ಹೀಟರ್ ಇಟ್ಟು ನೋಡಿದ್ದರು. ಇನ್ನು ಹರಕೆ ಹೊರುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಮಗಳು ಪ್ರಜ್ಞಾ ದಾರಿ ತೋರಿಸಿದಳು. ಎಂಎಸ್ಸಿಯಲ್ಲಿ ಸೂಕ್ಷ್ಮಜೀವಿಗಳನ್ನು ಓದುತ್ತಿದ್ದವಳು, ಕೊರೆಯುವ ಚಳಿಯಲ್ಲೂ ಹಿಟ್ಟು ಉಬ್ಬಿಸುವ ಹೆಪ್ಪೊಂದನ್ನು ಬೆಳೆಸಿದ್ದಳು. ರಾತ್ರಿ ಒಂದು ಸೌಟು ಬೆರೆಸಿದರೆ ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತುತ್ತಿತ್ತು.

2007ರಲ್ಲಿ ಅವಳು ಬೌದ್ಧಿಕ ಆಸ್ತಿ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದಳು. ವಿಜ್ಞಾನ ಓದಿದವರಿಗೆ ಪೇಟೆಂಟಿನ ಕೆಲಸ ಕಲಿಸುವ ಕೋರ್ಸು. “ಹಾಗಾದರೆ ವಕೀಲರ ಕರಿ ಕೋಟೋ, ಲ್ಯಾಬಿನ ಬಿಳಿ ಕೋಟೋ?” ಎಂದು ಕೇಳಿದ ನೆಂಟರಿಗೆ ಉತ್ತರ ಅರ್ಥವಾಗಲಿಲ್ಲ. ಪಾಠ ಮಾಡುತ್ತಿದ್ದ ಕೇಶವಮೂರ್ತಿಯವರಿಗೆ ಗುಡಗಾಂವಿನಲ್ಲಿ ಸ್ವಂತ ಪೇಟೆಂಟ್ ಕಚೇರಿ. ನಿನ್ನ ಹೆಪ್ಪಿಗೇ ಪೇಟೆಂಟ್ ಅರ್ಜಿ ಬರೆದು ತಾ, ಅದು ಪರಿಶೀಲನೆಯಲ್ಲಿ ನಿಂತರೆ ನನ್ನಲ್ಲೇ ಕೆಲಸ ಎಂದರು. ಆದರೆ ನಿಯಮದ ಪ್ರಕಾರ ಅರ್ಜಿಗೆ ಮೊದಲು ಹೆಪ್ಪು ಹೊರಗಿನವರ ಕೈ ಸೇರಿರಬಾರದು. ಸೇರಿದ್ದರೂ ಗುಟ್ಟಾಗಿಡಿ ಎಂದು ಹೇಳಿಯೇ ಕೊಟ್ಟಿರಬೇಕು.

ಪ್ರಜ್ಞಾ ಮನೆಗೆ ಓಡಿಬಂದಳು.

“ಅಪ್ಪಾ, ಹೆಪ್ಪು ಯಾರಿಗಾದ್ರೂ ಕೊಟ್ಟಿದ್ದೀರಾ?”

“ಕೇಳಿದವರಿಗೆಲ್ಲ ಕೊಟ್ಟಿದ್ದೇನೆ ಮಾರಾಯ್ತಿ. ಹೆಪ್ಪು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?”

“ಸೀಕ್ರೆಟ್ ಅಂತ ಹೇಳಿದ್ರಾ?”

“ಹೆಪ್ಪು ಕೊಟ್ಟು ಹಾಗೆ ಯಾರಾದ್ರೂ ಹೇಳ್ತಾರಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಜ್ಞಾ ಅತ್ತೇಬಿಟ್ಟಳು. ರಮಾನಾಥರು ಕರಗಿದರು.

“ಅಳ್ಬೇಡ. ಸೀಕ್ರೆಟ್ ಅಂತ ಹೇಳಿಯೇ ಕೊಟ್ಟಿದ್ದೆ ಅಂತ ಯಾರು ಕೇಳಿದ್ರೂ ಹೇಳ್ತೇನೆ. ಇನ್ನು ಯಾರಿಗೂ ಕೊಡುವುದಿಲ್ಲ, ಆಯ್ತಾ?”

ಸುಳ್ಳೆಂದು ಗೊತ್ತಿದ್ದೂ ಅವಳು ಬೇಡ ಎನ್ನಲಿಲ್ಲ.

ಮರುದಿನ ಸಂಜೆ ಅವಳು ಹೋಟೆಲಿನಲ್ಲೇ ಕೂತು ಅರ್ಜಿ ತಿದ್ದುತ್ತಿದ್ದಳು. ಹಿಂದಿನ ಬೀದಿಯಲ್ಲಿ ಹೊಸದಾಗಿ ಇಡ್ಲಿ ಅಂಗಡಿ ತೆರೆದಿದ್ದ ಸುಮಿತ್ರಾ ಡಬ್ಬಿ ಹಿಡಿದು ಬಂದರು.

“ಹಿಟ್ಟು ಕಲ್ಲಿನ ಹಾಗೆ ಕೂತಿದೆ ಅಣ್ಣಾ. ಒಂದು ಸೌಟು ಹೆಪ್ಪು ಕೊಡಿ.”

“ಖಾಲಿಯಾಗಿದೆ” ಎಂದರು ರಮಾನಾಥರು.

ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಹೆಪ್ಪಿನ ಪಾತ್ರೆ ತುಂಬಿತ್ತು. ಸುಮಿತ್ರಾ ಅದನ್ನು ನೋಡಿದರು. ಡಬ್ಬಿಯನ್ನು ಶಾಲಿನೊಳಗೆ ಸೇರಿಸಿಕೊಂಡರು. ರಮಾನಾಥರು ತಲೆ ತಗ್ಗಿಸಿ, ಆಗಲೇ ಒರೆಸಿದ್ದ ಟೇಬಲನ್ನು ಮತ್ತೆ ಒರೆಸತೊಡಗಿದರು. ಪ್ರಜ್ಞಾಗೆ ನಾಚಿಕೆಯಾಯಿತು. ಅಪ್ಪನ ಬಗ್ಗೆಯಲ್ಲ, ತನ್ನ ಬಗ್ಗೆಯೇ.

ಅವಳು ಎದ್ದು ಡಬ್ಬಿ ಇಸಿದುಕೊಂಡಳು. ಒಳಗೆ ಹೋಗಿ ತುಂಬಿಸಿ ತಂದು ಕೊಟ್ಟಳು.

“ಗುಟ್ಟೇನಿಲ್ಲ ಆಂಟಿ” ಎಂದಳು. “ಯಾರಾದ್ರೂ ಕೇಳಿದ್ರೆ ನೀವೂ ಕೊಡಿ.”