ಒಂದನೇ ನಂಬರಿನ ಟಿಕೆಟ್

ದೀಪಿಕಾಳನ್ನು ನಾವು ಕಂಡಕ್ಟರಮ್ಮ ಎಂದು ಕರೆಯುತ್ತೇವೆ. ಸಿಂಧನೂರಿನ ಗೊಬ್ಬರದಂಗಡಿಯ ಮೇಲಿನ ನಮ್ಮ ಆಫೀಸಿನಲ್ಲಿ ಟಿಕೆಟ್ ಇಲ್ಲದೆ ಯಾರನ್ನೂ ಬಿಡುವವಳಲ್ಲ ಆಕೆ. ಭತ್ತ ಕೊಯ್ಯುವ ಮಷಿನ್‌ಗಳಿಗೆ ಪಾಳಿ ಹಚ್ಚುವ ಆ್ಯಪ್ ನಮ್ಮದು. ರೈತರ ಪ್ರತಿ ದೂರಿಗೂ ಒಂದು ಟಿಕೆಟ್, ಅದಕ್ಕೊಂದು ನಂಬರ್. ಕೋಡ್ ತಿದ್ದಿ ಕಮಿಟ್ ಮಾಡುವಾಗ, ಅಂದರೆ ತಿದ್ದಿದ್ದನ್ನು ಒಳಗೆ ಸೇರಿಸುವಾಗ, ಏನು ತಿದ್ದಿದೆವು, ಯಾವ ನಂಬರಿನ ದೂರಿಗೆ ಎಂದು ಬರೆಯಬೇಕು. ಇಷ್ಟೇ. ಈ ಇಷ್ಟಕ್ಕೇ ನಮಗೆ ಮೈಗಳ್ಳತನ.

ಅದಕ್ಕೊಂದು ಕಳ್ಳದಾರಿಯೂ ಇತ್ತು. ಆಫೀಸಿನ ಪೂಜೆಯ ದಿನ ಮಾಲೀಕ ವಿರೇಶಣ್ಣ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, 'ಶ್ರೀ ಗಣೇಶ' ಎಂದು ಒಂದನೇ ನಂಬರಿನ ಟಿಕೆಟ್ ತೆರೆದಿದ್ದ. ಅದನ್ನು ಮುಚ್ಚಿದರೆ ಅಪಶಕುನವಂತೆ. ಚಹಾದಂಗಡಿಯಲ್ಲಿ ಬಾಯಿಮಾತಿನಲ್ಲಿ ಬಂದ ದೂರನ್ನೆಲ್ಲ ನಾವು ಆ ಒಂದಕ್ಕೇ ತಗುಲಿಹಾಕುತ್ತಿದ್ದೆವು. '1, ಸರಿ ಮಾಡಿದೆ.' ಮುಗೀತು!

"ಅದೇನು ಹುಂಡಿ ಏನ್ರೀ, ಬಂದವರೆಲ್ಲ ಹಾಕಾಕ?" ಎಂದು ದೀಪಿಕಾ ರೇಗುತ್ತಿದ್ದಳು.

"ಇರ್ಲಿ ಬಿಡವ್ವ, ದೇವರ ಟಿಕೆಟ್," ಎಂದು ವಿರೇಶಣ್ಣ ನಗುತ್ತಿದ್ದ.

ಕೊಯ್ಲಿನ ಕಾಲದಲ್ಲಿ ಒಂದು ಬೆಳಿಗ್ಗೆ ದಢೇಸುಗೂರಿನ ಶಿವಲಿಂಗಮ್ಮನ ಫೋನು ಬಂತು. ಎರಡೆಕರೆ ಗದ್ದೆ ನಂಬಿ ಬದುಕುವ ಒಂಟಿ ಹೆಂಗಸು. "ಇವತ್ತು ನನ್ನ ಪಾಳಿ ಇತ್ತವ್ವ. ಮಷಿನ್ ನನ್ನ ಬದು ದಾಟಿ ಮುಂದ ಹೋಗೈತಿ. ಮಳಿ ಬರೋಹಂಗೈತಿ."

ಆ್ಯಪ್‌ನಲ್ಲಿ ಆಕೆಯ ಹೆಸರು ಕಟ್ಟಕಡೆಗೆ ಜಾರಿತ್ತು. ಕೈಯಿಂದ ಮೇಲೆತ್ತಿದರೆ ಮರುಕ್ಷಣ ಮತ್ತೆ ಕೆಳಗೆ. ಡ್ರೈವರ್ ಅಖ್ತರ್‌ಗೆ ಫೋನ್ ಮಾಡಿದರೆ, "ಆ್ಯಪ್‌ನ್ಯಾಗ ಇಲ್ಲದ ಪಾಳಿ ಕೊಟ್ಟರ ಉಳಿದವರು ನನ್ನ ಬಿಡ್ತಾರೇನ್ರೀ?" ಎಂದ. ಹೆಸರು ಜಾರಿಸಿದ ಕಮಿಟ್ ಯಾವುದೆಂದು ಹುಡುಕಿದರೆ, ಅದೇ ಒಂದನೇ ನಂಬರು, ಅದರಡಿ ರಾಶಿ ರಾಶಿ 'ಸರಿ ಮಾಡಿದೆ'.

ದೀಪಿಕಾ ಒಂದೊಂದನ್ನೇ ಬಿಚ್ಚಿ ನೋಡಿದಳು. ಬಟನ್ನಿನ ಬಣ್ಣ ಬದಲಿಸಿದ್ದು, ಪಾಮನಕಲ್ಲೂರನ್ನು ಊರುಗಳ ಪಟ್ಟಿಗೆ ಸೇರಿಸಿದ್ದು, ಏನೇನೋ. ಗಂಟು ಬಿಚ್ಚಲೇ ಇಲ್ಲ. ಕೊನೆಗೆ ಸಿಕ್ಕಿದ್ದು ವಿರೇಶಣ್ಣನದೇ ಕೈಚಳಕ. ಸಣ್ಣ ಗದ್ದೆಗಳನ್ನು ಕೊನೆಗಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ಚಹಾದಂಗಡಿಯಲ್ಲಿ ಯಾರೋ ಅಂದದ್ದಕ್ಕೆ ಮಾಡಿದ್ದು. ಆಕೆ ಅದನ್ನು ಕಿತ್ತುಹಾಕಿದಳು. ಮಷಿನ್ ತಿರುಗಿ ಬಂತು. ಅರ್ಧ ಗದ್ದೆ ಕೊಯ್ಯುವಷ್ಟರಲ್ಲಿ ಮಳೆ ಹೊಯ್ದು, ಉಳಿದ ಭತ್ತ ನೆಲಕ್ಕೆ ಮಲಗಿತು.

ಮರುದಿನ ವಿರೇಶಣ್ಣ ತೆಂಗಿನಕಾಯಿ ಒಡೆದು, "ಮುಚ್ಚವ್ವ ಆ ಒಂದನೇ ಟಿಕೆಟ್ನ," ಎಂದ. ದೀಪಿಕಾ ಮುಚ್ಚಿದಳು. ಆಮೇಲೆ ಶಿವಲಿಂಗಮ್ಮನ ದೂರಿಗೆ ಹೊಸ ಟಿಕೆಟ್ ತೆರೆದು, ಕುರ್ಚಿ ಬಿಟ್ಟುಕೊಟ್ಟಳು. ವಿರೇಶಣ್ಣ ನಂಬರ್ ಹಾಕಿ, ಮೊದಲ ಸಲ ಪೂರ್ತಿ ಬರೆದ: 'ಶಿವಲಿಂಗಮ್ಮನ ಪಾಳಿ ತಪ್ಪಿಸಿದ್ದು ನಾನು. ಸರಿ ಮಾಡಿದ್ದು ದೀಪಿಕಾ. ಅರ್ಧ ಗದ್ದೆಗೆ ತಡವಾಯಿತು.'