ಸಾಹೇಬರ ಹೆಸರು ತೆಗೆದ ಸಂಜೆ

ಈಗ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ನಾನು ಒಂದು ಗುಂಡಿ ಒತ್ತುತ್ತೇನೆ. ಎಲ್ಲ ಕಂಪ್ಯೂಟರುಗಳಿಂದಲೂ ಅವರ ಹೆಸರು ಹೋಗಿಬಿಡುತ್ತದೆ. ಅನುಕೂಲವೇನೋ ಹೌದು. ಆದರೂ ಪ್ರತಿ ಸಲ ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರಗಳ ನೆನಪಾಗಿ ಮನಸ್ಸು ಪಿಚ್ಚೆನ್ನುತ್ತದೆ.

ಆಗ ರಾಯಬಾಗದ ಕಡೆಯ ಈ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನು ಮತ್ತು ನಮ್ಮ ಸಾಹೇಬರು, ಇಬ್ಬರೇ. ಕಬ್ಬು ತೂಗುವ ಕಾಟಾಕ್ಕೆ, ಪ್ರಯೋಗಾಲಯಕ್ಕೆ, ಉಗ್ರಾಣಕ್ಕೆ, ಲೆಕ್ಕದ ವಿಭಾಗಕ್ಕೆ ಬೇರೆ ಬೇರೆ ಸರ್ವರ್. ಪ್ರತಿ ಸರ್ವರಿನಲ್ಲೂ ಬಳಕೆದಾರರ ಗುಂಪುಗಳ ಒಂದು ಫೈಲ್. ಯಾವ ಯಂತ್ರದಿಂದ ಯಾರು ಒಳಗೆ ಬರಬಹುದು ಎಂದು ಅದರಲ್ಲಿ ಬರೆದರೆ ಬಾಗಿಲು ತೆರೆಯುತ್ತಿತ್ತು. ಹೆಸರಿನ ಜಾಗ ಖಾಲಿ ಬಿಟ್ಟರೆ ಆ ಯಂತ್ರದ ಮುಂದೆ ಕೂತವರು ಯಾರೇ ಆಗಲಿ, ಒಳಗೆ. ಫೈಲನ್ನು ಆಯಾ ವಿಭಾಗದವರೂ ತಿದ್ದುತ್ತಿದ್ದರು, ನಮ್ಮನ್ನು ಕೇಳುವ ಗೋಜಿಗೆ ಹೋಗದೆ.

ಸಾಹೇಬರದು ಒಂದು ಹಟ. ಯಾರದಾದರೂ ಹೆಸರು ತೆಗೆದರೆ, ಅವರನ್ನೇ ಕೂರಿಸಿ, ಅವರ ಕೈಯಿಂದಲೇ ಒಳಹೋಗುವ ಪ್ರಯತ್ನ ಮಾಡಿಸಬೇಕು. ಯಂತ್ರ ಬೇಡ ಎಂದ ಮೇಲೆಯೇ ಕೆಲಸ ಮುಗಿದಂತೆ. ಹೋಗುವವರನ್ನು ಕರೆದು ಬಾಗಿಲು ಮುಚ್ಚಿ ತೋರಿಸುವುದು ಯಾವ ಊರಿನ ಮರ್ಯಾದೆ ಎಂದು ನಾನು ಗೊಣಗುತ್ತಿದ್ದೆ.

ಅವರು ನಿವೃತ್ತರಾದ ದಿನ ಆ ಹಟ ಅವರ ಕೊರಳಿಗೇ ಬಿತ್ತು. ಸಾಹೇಬರು ಜೈನರು. ಹೊತ್ತು ಮುಳುಗಿದ ಮೇಲೆ ಗುಟುಕು ನೀರನ್ನೂ ಮುಟ್ಟುವವರಲ್ಲ. ಅದಕ್ಕೇ ಕ್ಯಾಂಟೀನಿನವರು ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದೆ ಆಮಟಿ ಸಾರು ಕುದಿಸಿ, ಹೋಳಿಗೆ ಮಾಡಿ, ಬಿಸಿಲಿರುವಾಗಲೇ ತಾಟು ಇಟ್ಟಿದ್ದರು. ಮಂಗಸೂಳಿ, ಮುಗಳಖೋಡದಿಂದ ದಿನಾ ಬಂದುಹೋಗುವವರೂ ಬಸ್ಸು ಬಿಟ್ಟು ಕಾಯುತ್ತಿದ್ದರು.

"ಮೊದಲ ಊಟಾ ಮಾಡ್ರಿ ಸಾಹೇಬ್ರ. ಹೆಸರು ನಾಳೆ ನಾ ತೆಗೀತೇನ್ರಿ" ಎಂದೆ.

"ನಾಳೆ ಇಲ್ಲಿ ನಾ ಯಾರು, ತಂಗಿ? ಹೊರಗಿನವನ ಹೆಸರು ರಾತ್ರಿಯೆಲ್ಲಾ ಒಳಗ ಇರಬಾರ್ದು. ಎಷ್ಟೊತ್ತಿನ ಕೆಲಸ ಐತಿ ಇದು?"

ಲೆಕ್ಕದ ಸರ್ವರಿನಿಂದ ಅವರ ಹೆಸರು ತೆಗೆದೆ. ಅವರು ತಮ್ಮ ಕುರ್ಚಿಯಿಂದ ಪ್ರಯತ್ನಿಸಿದರು, ಅದು ಒಳಗೆ ಬಿಡಲಿಲ್ಲ. ಕಾಟಾದಿಂದಲೂ ತೆಗೆದೆ. ಅದು ಮಾತ್ರ ಆರಾಮಾಗಿ ಒಳಗೆ ಬಿಟ್ಟುಕೊಂಡಿತು! ಫೈಲಿನಲ್ಲಿ ಹುಡುಕಿದರೆ, ಕಾಟಾದವರು ಸಾಹೇಬರ ಯಂತ್ರವನ್ನು ಬೇರೆಯಾಗಿ ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಕಾಟಾದ ಗುಮಾಸ್ತನನ್ನು ಕರೆಸಿದೆ.

"ಯಾರ್ನ ಕೇಳಿ ಹಾಕಿದ್ರಿ ಇದನ್ನ?"

"ಕಬ್ಬಿನ ಹಂಗಾಮಿನ್ಯಾಗ ಕಾಟಾ ನಿಂತ್ರ ಟ್ರ್ಯಾಕ್ಟರ್ ಸಾಲು ರೋಡಿಗಿ ಹೋಗ್ತೇತ್ರಿ ಅಕ್ಕಾರ. ಸಾಹೇಬ್ರಿಗೆ ಎಲ್ಲೂ ಅಡ್ಡಿ ಆಗಬಾರ್ದಂತ ಹಾಕಿದ್ವಿ. ಅವರು ನಮ್ಮವರ ಅಲ್ಲೇನ್ರಿ?"

ಅದನ್ನು ಅಳಿಸಿ ಪ್ರಯೋಗಾಲಯದ ಸರ್ವರಿಗೆ ಹೋದರೆ, ಅಲ್ಲಿಯವರು ತಮ್ಮ ಗುಂಪಿನೊಳಗೆ ಇನ್ನೊಂದು ಗುಂಪು ಮಾಡಿ ಅದರಲ್ಲಿ ಸಾಹೇಬರನ್ನು ಕೂರಿಸಿದ್ದರು. ಉಗ್ರಾಣದಲ್ಲೂ ಅದೇ ಕಥೆ. ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಹೆಸರು. ಚಿಮಣಿಯ ಹಿಂದೆ ಸೂರ್ಯ ಇಳಿಯುತ್ತಿದ್ದ. ಕ್ಯಾಂಟೀನಿನವರು ಬಾಗಿಲಿಗೆ ಬಂದು ಬಂದು ಇಣುಕಿ ಹೋದರು. ಸಾಹೇಬರು ಕಿಟಕಿಯ ಕಡೆ ಒಮ್ಮೆ ನೋಡಿ ಮತ್ತೆ ಕೀಲಿಮಣೆಯ ಮೇಲೆ ಕೈಯಿಟ್ಟರು.

ಕೊನೆಯ ಸರ್ವರ್ ಅನುಮತಿ ಇಲ್ಲ ಎಂದಾಗ ಹೊತ್ತು ಮುಳುಗಿತ್ತು. ನನಗೆ ಅಳು ಬಂತು. ಯಂತ್ರಗಳ ಮೇಲೆ, ಅವರ ಹಟದ ಮೇಲೆ, ಕಂಡಕಂಡಲ್ಲಿ ಹೆಸರು ಬರೆದಿಟ್ಟ ನಮ್ಮ ಮಂದಿಯ ಮೇಲೆ ಸಿಟ್ಟೂ ಬಂತು.

ಸಾಹೇಬರು ಕನ್ನಡಕ ಒರೆಸಿಕೊಂಡು ನೆಟ್ಟಗೆ ಕ್ಯಾಂಟೀನಿಗೆ ನಡೆದರು. ಅಂಗಿಯ ತೋಳು ಮಡಚಿ ಹೋಳಿಗೆಯ ಬುಟ್ಟಿ ಎತ್ತಿಕೊಂಡರು. ಅವರು ಉಣ್ಣುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು, ಯಾರೂ ತಾಟಿಗೆ ಕೈ ಹಾಕಲಿಲ್ಲ.

"ಉಣ್ರಿ, ಆರಿ ಹೋಗ್ತೈತಿ" ಎಂದರು. "ಇಷ್ಟ ಕಡೆ ನನ್ನ ಹೆಸರ ಹಾಕ್ಕೊಂಡಿದ್ರಿ ಅನ್ನೂದು ನನಗ ಇವತ್ತ ಗೊತ್ತಾತು. ನನ್ನ ಹೊಟ್ಟಿ ತುಂಬೈತಿ."

ನನ್ನ ತಾಟಿಗೆ ಬಂದಾಗ ಎರಡು ಹೋಳಿಗೆ ಒಟ್ಟಿಗೇ ಹಾಕಿದರು. ಒಂದು ಸಾಕು ಎನ್ನದೆ ಎರಡನ್ನೂ ಉಂಡೆ.